ಎರಡನೇ ಸೌಟು ಗಂಜಿ

ಪಕ್ಕದ ಮನೆಯ ಅಜ್ಜನ ಎಡಗಾಲಿನಲ್ಲಿ, ಮೊಣಕಾಲಿನಿಂದ ಒಂದು ಗೇಣು ಕೆಳಗೆ, ಒಂದು ಗುಳಿ ಇತ್ತು. ಮಾವಿನ ಗೊರಟು ಇಟ್ಟರೆ ಸರಿಯಾಗಿ ಕೂರುವಷ್ಟು ಉದ್ದ, ಅಷ್ಟೇ ಆಳ. ಅಲ್ಲಿಯ ಚರ್ಮ ತೆಳ್ಳಗೆ, ನುಣ್ಣಗೆ ಹೊಳೆಯುತ್ತಿತ್ತು. ಸ್ವಲ್ಪ ಬಿಸಿಲು ಬಂತೆಂದರೆ ಸಾಕು, ಅವರು ಚಡ್ಡಿ ಹಾಕಿಕೊಂಡು ಹಿತ್ತಿಲಿಗೆ ಇಳಿದು ತರಕಾರಿ ಮಡಿಗೆ ನೀರು ಬಿಡುವರು. ನಾನು ಅಡುಗೆಮನೆಯ ಕಿಟಕಿಯಿಂದ ಆ ಗುಳಿಯನ್ನೇ ನೋಡುವೆ. ಗುಂಡೇಟು ಬಿದ್ದದ್ದಿರಬೇಕೆಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಬಿಟ್ಟಿದ್ದೆ.

ನಾವು ಲಂಡನ್ನಿನ ಅಂಚಿನ ಕೆಂಟನ್ನಿನಲ್ಲಿರುವ ಆ ಮನೆಗೆ ಬಂದದ್ದು ತೊಂಬತ್ತೊಂದರಲ್ಲಿ. ಯಜಮಾನರು ಧಾರವಾಡದವರು, ಇಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಕುಂದಾಪುರದ ಕಡೆಯವಳು. ಬಂದ ಮೊದಲ ವಾರವೇ ಬೇಲಿಯಾಚೆ ನಿಂತಿದ್ದ ಅಜ್ಜನಿಗೆ, "ಇಂಗ್ಲಿಷರು ಇಷ್ಟು ಮಾತಾಡ್ತಾರೆಂದು ಗೊತ್ತಿರಲಿಲ್ಲ" ಎಂದು ಹೇಳಿ ಬೈಸಿಕೊಂಡೆ. "ನೋಡಮ್ಮಾ, ನನ್ನನ್ನು ಕಳ್ಳ ಅನ್ನು, ಸುಳ್ಳ ಅನ್ನು, ಇಂಗ್ಲಿಷ್‌ನವ ಅಂತ ಮಾತ್ರ ಅನ್ನಬೇಡ. ನಾನು ವೇಲ್ಸಿನವನು" ಎಂದರು. ನನ್ನ ಮಗಳಿಗೆ ಅವರನ್ನು 'ಅಜ್ಜ' ಎಂದು ಕರೆಯಲು ಕಲಿಸಿದೆ. ಅದರ ಅರ್ಥ ಕೇಳಿ ತಿಳಿದುಕೊಂಡು, ಅಂಚೆಯವನಿಗೂ ತಾನು ಅಜ್ಜ ಎಂದು ಹೇಳಿಕೊಂಡರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಎರಡನೇ ಮಹಾಯುದ್ಧ ಮುಗಿಸಿ ಲಂಡನ್ನಿಗೆ ಬಂದವರು ಪಾರ್ಕ್ ರಾಯಲ್‌ನ ಬಿಸ್ಕತ್ತಿನ ಕಾರ್ಖಾನೆಯೊಂದರಲ್ಲಿ ನಿವೃತ್ತಿಯಾಗುವವರೆಗೂ ದುಡಿದಿದ್ದರು. ಅಲ್ಲೇ ಯಾಕೆ ಎಂದರೆ, "ಹೊಟ್ಟೆಗಿಲ್ಲದೆ ಇದ್ದವನು ಬಿಸ್ಕತ್ತಿನ ಕಾರ್ಖಾನೆ ಬಿಟ್ಟು ಇನ್ನೆಲ್ಲಿಗೆ ಹೋಗ್ತಾನೆ" ಎಂದು ನಗುವರು. ಅದು ತಮಾಷೆ ಎಂದೇ ನಾನು ತಿಳಿದಿದ್ದೆ.

ತೊಂಬತ್ತೈದರ ಜೂನಿನಲ್ಲಿ ಅವರಿಗೆ ಹೊಟ್ಟೆಯ ಆಪರೇಷನ್ ಆಯಿತು. ಮನೆಗೆ ಬಂದವರನ್ನು ನೋಡಿದರೆ ಅಂಗಿಯನ್ನು ಹ್ಯಾಂಗರಿಗೆ ತೂಗುಹಾಕಿದಂತಿತ್ತು. ತಿಂದದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ನಮ್ಮ ಊರಿನಲ್ಲಿ ಕಾಯಿಲೆಯವರಿಗೆ ಏನು ಕೊಡುವುದು? ಗಂಜಿ. ಅದರಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ. ಊರಿನಿಂದ ಬಂದವರು ತಂದುಕೊಟ್ಟ ಕುಚ್ಚಲಕ್ಕಿ ಸ್ವಲ್ಪ ಉಳಿದಿತ್ತು. ನಿಜ ಹೇಳುತ್ತೇನೆ, ಗಂಜಿ ಎಂದರೆ ಲಂಡನ್ನಿನಲ್ಲಿ ನನಗೆ ನಾಚಿಕೆ. ನಾನೊಬ್ಬಳೇ ಇದ್ದಾಗ ಮಾಡಿ ಉಣ್ಣುವೆ. ನೆಂಟರು ಬಂದರೆ ಪಲಾವು. "ನಮ್ಮ ಕಡೆ ಗಂಜಿ ಅರಿವಿಗೆ ಹಾಕ್ತಾರ" ಎಂದು ಯಜಮಾನರು ಚುಚ್ಚುವುದು ಬೇರೆ; ಅರಿವಿಯೆಂದರೆ ಅವರ ಕಡೆ ಬಟ್ಟೆ. ಆದರೂ ಅಜ್ಜನ ಮುಖ ನೋಡಿ ತಡೆಯಲಾಗಲಿಲ್ಲ. ಚೆನ್ನಾಗಿ ಬೇಯಿಸಿ, ಉಪ್ಪು, ಒಂದು ಚಮಚ ತುಪ್ಪ ಹಾಕಿ, ಸ್ಟೀಲಿನ ಡಬ್ಬಿಯಲ್ಲಿ ಬಿಸಿಬಿಸಿಯಾಗಿ ಒಯ್ದೆ.

ಅಜ್ಜ ಮುಚ್ಚಳ ತೆಗೆದರು. ಹಬೆ ಮುಖಕ್ಕೆ ತಾಗಿತು. ಮುಚ್ಚಳವನ್ನು ಮೆಲ್ಲಗೆ ಮತ್ತೆ ಹಾಕಿ, ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಇದನ್ನು ನನ್ನ ಮನೆಯಿಂದ ಹೊರಗೆ ತಗೊಂಡು ಹೋಗು" ಎಂದರು. ಬಾಗಿಲು ಹಾಕಿಕೊಂಡರು.

ನನಗೆ ಉರಿದುಹೋಯಿತು. ಮನೆಗೆ ಬಂದು ಪಾತ್ರೆಗಳನ್ನು ಸದ್ದು ಮಾಡಿಕೊಂಡು ತೊಳೆದೆ. ತಂದದ್ದನ್ನು ಬೇಡವೆಂದರೆ ಸರಿ, ಮುಖದ ಮೇಲೆ ಬಾಗಿಲು ಹಾಕುವುದೆಂದರೇನು?

"ಅಲ್ಲಾ, ಹೊಟ್ಟಿ ಕೊಯ್ದ ಮನಷ್ಯಾಗ ಏನ ಕೊಡಬೇಕಂತ ಮನ್ಯಾಗಿನ ಡಾಕ್ಟರ್‌ನ ಒಂದ ಮಾತ ಕೇಳಬೇಕಿಲ್ಲೇನ?" ಎಂದರು ಯಜಮಾನರು.

"ಗಂಜಿಗೂ ಡಾಕ್ಟರ ಚೀಟಿ ಬೇಕಾ ನಿಮ್ಮ ಊರಲ್ಲಿ? ಸುಮ್ಮನೆ ಇರಿ ಮಾರಾಯ್ರೆ" ಎಂದೆ.

ಮರುದಿನ ಬೆಳಿಗ್ಗೆ ಅಜ್ಜ ಬೇಲಿ ಹಿಡಿದುಕೊಂಡು ನಿಂತಿದ್ದರು. ನಾನು ಮುಖ ತಿರುಗಿಸಿ ಬಟ್ಟೆ ಒಣಹಾಕುತ್ತಿದ್ದೆ. "ನಿನ್ನ ತಪ್ಪಿಲ್ಲ" ಎಂದು ಶುರು ಮಾಡಿದರು. ನಾಲ್ಕು ವರ್ಷ ಪಕ್ಕದಲ್ಲಿದ್ದೂ ಕೇಳದ ಕಥೆಯನ್ನು ಅಂದು ಕೇಳಿದೆ. ಇಪ್ಪತ್ತೊಂದನೆಯ ವಯಸ್ಸಿಗೆ ಜಾವಾದಲ್ಲಿ ಜಪಾನೀಯರ ಕೈಗೆ ಸೆರೆಸಿಕ್ಕಿದ್ದು. ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ಕಾಡಿನಲ್ಲಿ ರೈಲುಹಳಿಗೆ ಮಣ್ಣು ಹೊತ್ತದ್ದು. ಕಾಲಿಗೆ ಬಿದಿರಿನ ಮುಳ್ಳು ಗೀರಿ ಹುಣ್ಣಾಗಿ, ಮೂಳೆ ಕಾಣುವವರೆಗೆ ಕೊಳೆತು, ಕ್ಯಾಂಪಿನ ಡಾಕ್ಟರು ಚಮಚದಿಂದ ಕೆರೆದು ತೆಗೆದದ್ದು. ಹಾಗಾದರೆ ನನ್ನ ಗುಂಡೇಟು ಒಂದು ಮುಳ್ಳು. ಇಷ್ಟೆಲ್ಲ ನಡೆದ ಮೂರೂವರೆ ವರ್ಷ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅವರು ತಿಂದದ್ದು ಒಂದೇ: ನೀರು ನೀರಾದ, ಹುಳ ತೇಲುವ ಅಕ್ಕಿಗಂಜಿ. ಊರಿಗೆ ಬಂದ ದಿನವೇ ಇನ್ನು ಒಂದು ಅಗುಳನ್ನೂ ಮುಟ್ಟುವುದಿಲ್ಲವೆಂದು ಶಪಥ ಮಾಡಿದ್ದರು. ಐವತ್ತು ವರ್ಷ ಮುಟ್ಟಿರಲಿಲ್ಲ.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಅವರ ಸಂಕಟ ಗಂಜಿಯದ್ದಲ್ಲ. ಜಪಾನ್ ಶರಣಾಗಿ ಐವತ್ತು ವರ್ಷವಾಗುವ ಆಗಸ್ಟಿನಲ್ಲಿ ರಾಣಿಯ ಅರಮನೆಯ ಮುಂದಿನ ರಸ್ತೆಯಲ್ಲಿ ಹಳೆಯ ಸೈನಿಕರ ಮೆರವಣಿಗೆ ಇತ್ತು. ಇರುವ ತೂಕದಲ್ಲಿ ನಡೆಯುವ ಮಾತೇ ಇಲ್ಲ, ಬೇಕಾದರೆ ಗಾಲಿಕುರ್ಚಿಯಲ್ಲಿ ಹೋಗಿ ಎಂದು ಅವರನ್ನು ನೋಡುವ ಡಾಕ್ಟರು ಹೇಳಿದ್ದರು.

"ಆ ಕ್ಯಾಂಪಿನಿಂದ ನನ್ನನ್ನು ಸ್ಟ್ರೆಚರಿನಲ್ಲಿ ಹೊತ್ತು ಹೊರಗೆ ತಂದರು" ಎಂದರು ಅಜ್ಜ. "ಈ ಸಲ ಯಾರೂ ನನ್ನನ್ನು ಹೊರಬಾರದು, ತಳ್ಳಬಾರದು. ನಡೆದೇ ಹೋಗಬೇಕು."

ಅದಾಗಿ ಎರಡು ವಾರ ಡಬ್ಬಿಯ ಸೂಪು, ನೆನೆಸಿದ ಬ್ರೆಡ್ಡು ಎಂದು ಒದ್ದಾಡಿದರು. ಎಲ್ಲವೂ ಹೊರಗೆ. ಒಂದು ಶನಿವಾರ ಮಧ್ಯಾಹ್ನ ಬೆಲ್ ಆಯಿತು. ತೆಗೆದರೆ ಕೋಟು, ಟೈ, ಮಿರಿಮಿರಿ ಪಾಲಿಶಿನ ಬೂಟು ಹಾಕಿಕೊಂಡು ಅಜ್ಜ ಬಾಗಿಲಲ್ಲಿ ನಿಂತಿದ್ದಾರೆ. ಸೀದಾ ಬಂದು ಊಟದ ಮೇಜಿನ ಮುಂದೆ ನೆಟ್ಟಗೆ ಕೂತರು.

"ಅವತ್ತಿನದ್ದು ಇದೆಯಾ?" ಎಂದರು. "ಕ್ಯಾಂಪಿನಲ್ಲಿ ಅವರು ಕೊಟ್ಟದ್ದನ್ನು ತಿಂದೆ. ಇದನ್ನು ನಾನೇ ಕೇಳ್ತಾ ಇದ್ದೇನೆ. ಎರಡೂ ಒಂದಲ್ಲ."

ಗಡಿಬಿಡಿಯಲ್ಲಿ ಬೇಯಿಸಿದೆ. ಬೇಯುವಷ್ಟು ಹೊತ್ತೂ ಅವರು ಏಳಲಿಲ್ಲ. ಬಟ್ಟಲಿಗೆ ಬಡಿಸಿದೆ. ಮೊದಲ ಚಮಚ ಬಾಯಿಗೆ ಹೋಗುವಾಗ ಅರ್ಧ ಮೇಜಿನ ಮೇಲೆ ಚೆಲ್ಲಿತು. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು ಕೊನೆಗೆ ನುಂಗಿದರು. "ಉಪ್ಪಿದೆ" ಎಂದರು. ಇನ್ನೊಂದು ಚಮಚ. ಹಾಗೇ ಬಟ್ಟಲು ತಳ ಕಂಡಿತು. ಚೆಲ್ಲಿದ ಅಗುಳುಗಳನ್ನೂ ಬೆರಳಿನಿಂದ ಒತ್ತಿ ಎತ್ತಿ ತಿಂದರು.

ಆಗ ನಾನು ನಮ್ಮಲ್ಲಿ ಯಾರಾದರೂ ಮಾಡುವುದನ್ನೇ ಮಾಡಿದೆ. ನಮ್ಮ ಮನೆಗಳಲ್ಲಿ ಒಂದೇ ಸಲ ಬಡಿಸಿ ಬಿಡುವುದುಂಟೇ? ಸಾಕೆಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಬಡಿಸುವವರು ನಾವು. ಕೇಳದೆ, ಹೇಳದೆ, ಖಾಲಿ ಬಟ್ಟಲಿಗೆ ಇನ್ನೊಂದು ಸೌಟು ಸುರಿದೆ.

ಅಜ್ಜ ಬಟ್ಟಲನ್ನೇ ನೋಡಿದರು. ಕಣ್ಣಿನಿಂದ ನೀರು ಇಳಿಯಿತು. ಪುನಃ ಏನೋ ಎಡವಟ್ಟು ಮಾಡಿದೆನೆಂದು ಸೌಟನ್ನು ಹಿಂದಕ್ಕೆಳೆದೆ.

"ನಲವತ್ತೇಳು" ಎಂದರು ಅಜ್ಜ.

ವಿಷಯ ಹೀಗೆ. ಕ್ಯಾಂಪಿನಲ್ಲಿ ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆಯ ತಳದಲ್ಲಿ ಒಂದಿಷ್ಟು ಉಳಿಯುತ್ತಿತ್ತು. ಅದಕ್ಕೆ ಹೊಡೆದಾಟ ಆಗಬಾರದೆಂದು ಪ್ರತಿಯೊಬ್ಬನಿಗೂ ಒಂದು ನಂಬರು. ದಿನಕ್ಕೆ ನಾಲ್ಕೈದು ಜನರಿಗೆ ಸರದಿಯ ಮೇಲೆ ಎರಡನೇ ಸೌಟು. ಅಜ್ಜನದು ನಲವತ್ತೇಳು. ಒಂದು ಸಂಜೆ ಸರದಿ ನಲವತ್ತಾರಕ್ಕೆ ಮುಗಿಯಿತು. ಮರುದಿನದ ಸೌಟನ್ನು ನೆನೆಯುತ್ತಾ ಮಲಗಿದ್ದ ಅಜ್ಜನನ್ನು ಬೆಳಿಗ್ಗೆ ಎಬ್ಬಿಸಿ ಬೇರೆ ಕ್ಯಾಂಪಿಗೆ ಸಾಗಿಸಿದರು. ಅಲ್ಲಿ ತಳದಲ್ಲಿ ಏನೂ ಉಳಿಯುತ್ತಿರಲಿಲ್ಲ.

"ಹೊಡೆತ ಮರೆತಿದ್ದೇನೆ. ಆ ಸೌಟು ಮರೆತಿರಲಿಲ್ಲ" ಎಂದು ಅಳುತ್ತಲೇ ನಗತೊಡಗಿದರು. "ಇವತ್ತು ನನ್ನ ಸರದಿ ಬಂತು ನೋಡು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಯಜಮಾನರು ಮೂಗು ಒರೆಸಿಕೊಂಡು, "ಏ, ಇನ್ನೊಂದ ಸೌಟ ಹಾಕ ಅವರಿಗೆ. ತುಪ್ಪಾನೂ ಹಾಕ" ಎಂದರು. ಆ ದಿನ ತಿಂದದ್ದು ಅಜ್ಜನ ಹೊಟ್ಟೆಯಲ್ಲಿ ನಿಂತಿತು.

ಆಮೇಲೆ ದಿನಾ ಬರುವರು. ಬಟ್ಟಲು ಖಾಲಿಯಾದ ಕೂಡಲೇ ಅವರು, ನಾನು ಕಲಿಸಿದ ಕನ್ನಡದಲ್ಲೇ, "ನಲವತ್ತೇಳು" ಎಂದು ಕೂಗಬೇಕು, ನಾನು ಓಡಿಬಂದು ಬಡಿಸಬೇಕು. ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಅಜ್ಜನ ಜೊತೆ ಕೂಗಲಿಕ್ಕೆಂದೇ ಕನ್ನಡದಲ್ಲಿ ಆ ಅಂಕಿ ಕಲಿತಳು. ವಾರಕ್ಕೊಮ್ಮೆ ನಮ್ಮ ಬಾತ್‌ರೂಮಿನ ತೂಕದ ಯಂತ್ರದ ಮೇಲೆ ನಿಂತು ಯಜಮಾನರಿಗೆ ಸಲಾಂ ಹೊಡೆಯುವರು. ಜುಲೈ ಮುಗಿಯುವಾಗ ಗಲ್ಲಿಯ ಕೊನೆಯವರೆಗೆ, ಆಗಸ್ಟ್ ಹುಟ್ಟುವಾಗ ಟ್ಯೂಬ್ ಸ್ಟೇಷನ್ನಿನವರೆಗೆ ನಡೆದರು.

ಮೆರವಣಿಗೆಯ ದಿನ ಯಜಮಾನರು ಹಟ ಹಿಡಿದು ಗಾಲಿಕುರ್ಚಿಯನ್ನೂ ತಂದಿದ್ದರು, ಯಾವುದಕ್ಕೂ ಇರಲಿ ಎಂದು. ನಾವು ರಸ್ತೆಯ ಬದಿಯಲ್ಲಿ ಜನರ ನಡುವೆ ನಿಂತೆವು. ಬ್ಯಾಂಡು ಬಂತು, ಸಾಲು ಸಾಲಾಗಿ ಮುದುಕರು ಬಂದರು. ನಾಲ್ಕನೆಯ ಸಾಲೋ ಐದನೆಯದೋ, ಪದಕ ಸಿಕ್ಕಿಸಿಕೊಂಡು, ಗದ್ದ ಮೇಲೆತ್ತಿ, ಕೈ ಬೀಸುತ್ತಾ ನಮ್ಮ ಅಜ್ಜ. ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ಆದರೆ ಹೆಜ್ಜೆ ತಪ್ಪಲಿಲ್ಲ. ಅಷ್ಟು ಜನರ ನಡುವೆ "ನಲವತ್ತೇಳು" ಎಂದು ಕೂಗಿದೆ. ಅಜ್ಜ ತಲೆ ತಿರುಗಿಸಲಿಲ್ಲ, ಮೀಸೆಯ ಕೆಳಗೆ ನಕ್ಕರು.

ಕೊನೆಯವರೆಗೂ ನಡೆದು ಪಾರ್ಕಿನಲ್ಲಿ ನಮ್ಮನ್ನು ಸೇರಿದರು. ಖಾಲಿ ಕುರ್ಚಿ ತಳ್ಳಿ ಬೆವೆತಿದ್ದ ಯಜಮಾನರನ್ನು ನೋಡಿ, "ಡಾಕ್ಟರ್, ತುಂಬಾ ದಣಿದಿದ್ದೀರಿ, ಕೂತುಕೊಳ್ಳಿ. ನಾನು ತಳ್ಳುತ್ತೇನೆ" ಎಂದರು. ಹುಲ್ಲಿನ ಮೇಲೆ ಕೂತು, ನಾನು ತಂದಿದ್ದ ಗಂಜಿಯ ಡಬ್ಬಿ ಬಿಚ್ಚಿದರು. ಹಳೆಯ ಜೊತೆಗಾರನೊಬ್ಬ ಬಗ್ಗಿ ನೋಡಿ ಹೌಹಾರಿ, "ನಿನಗೆ ತಲೆ ಕೆಟ್ಟಿದೆಯಾ? ಅದೇ ಅಲ್ಲವಾ ಇದು?" ಎಂದ. "ಅದೇ ಅಲ್ಲ. ಇದರಲ್ಲಿ ಉಪ್ಪಿದೆ, ತುಪ್ಪ ಇದೆ, ಎರಡನೇ ಸೌಟು ಇದೆ" ಎಂದು ಅಜ್ಜ ಅವನಿಗೆ ಚಮಚ ಕೊಟ್ಟರು.

ಅಜ್ಜ ಆಮೇಲೆ ಎಂಟು ವರ್ಷ ಬದುಕಿದರು, ತಮ್ಮ ಕಾಲ ಮೇಲೇ ಓಡಾಡಿಕೊಂಡು. ಒಂದು ಬೆಳಿಗ್ಗೆ ಹಿತ್ತಿಲಿಗೆ ಬರಲಿಲ್ಲ, ಅಷ್ಟೇ. ಅವರ ದೆಸೆಯಿಂದ ನಾನು ಗಂಜಿಯನ್ನು ಬಚ್ಚಿಡುವುದನ್ನು ಬಿಟ್ಟಿದ್ದೆ. ಬೆಂಗಳೂರಿನ ನೆಂಟರಿಗೂ ಮೇಜಿನ ನಡುವೆ ಇಟ್ಟು ಬಡಿಸುವೆ, ಬೇಕಾದರೆ ಉಣ್ಣಲಿ.

ಮಣ್ಣಿನ ದಿನ ಚರ್ಚಿನ ಹಾಲಿನಲ್ಲಿ ಚಹಾ, ಸ್ಯಾಂಡ್‌ವಿಚ್ಚು ಇಟ್ಟಿದ್ದರು. ನಾನು ಒಂದು ದೊಡ್ಡ ಪಾತ್ರೆ ಗಂಜಿ ಒಯ್ದೆ. ಅವರ ದಳದ ನಾಲ್ವರು ಮುದುಕರು ಬಂದಿದ್ದರು. ಪಾರ್ಕಿನಲ್ಲಿ ಬಗ್ಗಿ ನೋಡಿದವನೂ ಇದ್ದ. ಬಟ್ಟಲು ಹಿಡಿದು ಸಾಲಾಗಿ ನಿಂತು ಹಾಕಿಸಿಕೊಂಡರು, ಉಂಡರು. ಪಾತ್ರೆಯ ತಳದಲ್ಲಿ ಇನ್ನೂ ಇತ್ತು. ಆತ ಖಾಲಿ ಬಟ್ಟಲು ಹಿಡಿದು ನನ್ನ ಮುಂದೆ ಬಂದು, "ಯಾವ ನಂಬರಿನವರೆಗೆ ಬಂದಿದೆ?" ಎಂದು ಕೇಳಿದ.

"ನಲವತ್ತೇಳು ಮುಗಿಯಿತು" ಎಂದೆ. "ಈಗ ನಲವತ್ತೆಂಟು."

ಆತ ಬಟ್ಟಲು ಮುಂದೆ ಹಿಡಿದ. ನಾನು ಸೌಟು ತುಂಬಿ ಬಡಿಸಿದೆ.