ಕರಡಿ ಮರಿಯ ಬೆಲ್ಲ

ಮೊನ್ನೆ ಮಗಳಿಗೆ ಕೆಮ್ಮು ಹತ್ತಿತ್ತು. ಶುಂಠಿ ರಸಕ್ಕೆ ಬೆರೆಸಲೆಂದು ಜೇನಿನ ಬಾಟಲಿ ತೆಗೆದೆ. ಮುಚ್ಚಳ ಬಿಗಿಯಾಗಿತ್ತು, ಸೆರಗು ಹಿಡಿದು ತಿರುವಿದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಬೋರಗಾಂವದ ಆ ಕಟ್ಟೆ, ಆ ಹೊಸ್ತಿಲು, ಹೊಸ್ತಿಲ ಮೇಲೆ ತೆರೆದಿಟ್ಟ ಚಿತ್ರದ ಪುಸ್ತಕ... ಚಮಚ ಕೈಯಲ್ಲೇ ಉಳಿಯಿತು.

ಆ ಮನೆಯ ಹಿರಿಯ ಹೆಂಗಸನ್ನು ಓಣಿಯೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ಜೈನರ ಮನೆ, ಬೇಕಾದಷ್ಟು ಹೊಲ. ನನ್ನ ಅವ್ವ ಆ ಹೊಲದಲ್ಲಿ ತಂಬಾಕಿನ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಅವ್ವ ಕೂಲಿಗಾಗಿ ಅಂಗಳದಲ್ಲಿ ಕಾಯುವಾಗ ನಾನು ಕಟ್ಟೆಯ ಮೇಲೆ ಕೂಡುತ್ತಿದ್ದೆ, ಕಾಕು ಹೊಸ್ತಿಲ ಒಳಗೆ. ನಮ್ಮಂಥವರು ಆ ಹೊಸ್ತಿಲು ದಾಟುತ್ತಿರಲಿಲ್ಲ. ದಾಟಬೇಡಿ ಎಂದು ಯಾರೂ ಹೇಳಿದ್ದು ನೆನಪಿಲ್ಲ... ಹೇಳುವ ಅಗತ್ಯವೇ ಇರಲಿಲ್ಲ.

ಪುಸ್ತಕ ಅವರ ಮೊಮ್ಮಗನದು. ಬೆಳಗಾವಿಯಿಂದ ರಜೆಗೆ ಬಂದವನು ಬಿಟ್ಟುಹೋಗಿದ್ದ. ಒಂದು ಕರಡಿ ಮರಿಯ ಹುಟ್ಟುಹಬ್ಬದ ಕತೆ. ಮೊಲ ಬರುತ್ತದೆ, ಅಳಿಲು ಬರುತ್ತದೆ, ಕಡೆಗೆ ತಾಯಿ ಕರಡಿ ಒಂದು ಗಡಿಗೆ ಹೊತ್ತು ತರುತ್ತದೆ. ಕಾಕು ಪುಸ್ತಕವನ್ನು ಹೊಸ್ತಿಲ ಮೇಲೆ ನನ್ನ ಕಡೆಗೆ ನೇರವಾಗಿ ಇಟ್ಟು, ತಾವು ತಲೆಕೆಳಗಾಗಿ ಓದುತ್ತಿದ್ದರು.

"ಕರಡಿ ತಾಯಿ ಗಡಿಗಿ ತುಂಬ ಬೆಲ್ಲ ತಂದ್ಳು. ಹೊತ್ತು ಮುಳುಗೂದ್ರಾಗ ಎಲ್ಲಾರೂ ತಿಂದು ಮನಿಗೆ ಹೋದ್ರು."

"ಕಾಕು, ಇಲ್ಲಿ ಚಂದ್ರ ಅದಾನಲ್ರಿ?"

"ಚಂದ್ರಲ್ಲ ಹುಚ್ಚಿ, ಸೂರ್ಯ. ಮೋಡ ಬಂದಾವ, ಅದಕ್ಕ ಬೆಳ್ಳಗ ಕಾಣಾಕತ್ತಾನ."

ನಾನು ನಂಬಿದೆ. ಹುಟ್ಟಿದ ದಿನಕ್ಕೂ ಹಬ್ಬ ಮಾಡುತ್ತಾರೆಂದು ನನಗೆ ತಿಳಿದದ್ದೇ ಆ ಕರಡಿಯಿಂದ. ನಾನು ಯಾವತ್ತು ಹುಟ್ಟಿದೆ ಎಂದು ದಾರಿಯಲ್ಲಿ ಅವ್ವನನ್ನು ಕೇಳಿದೆ. "ತಂಬಾಕು ಕೊಯ್ಯೂ ಹೊತ್ತಿನ್ಯಾಗ," ಅಂದಳು. "ಕರಡಿಗಿರೂ ಚೈನಿ ನಿನಗೆಲ್ಲಿಂದ ಬರಬೇಕವಾ? ಸರಸರ ನಡಿ."

ಆಗ ನಾನು ಸಾಲಿಯಲ್ಲಿ ಎರಡನೇ ಇಯತ್ತೆಯಲ್ಲಿದ್ದೆ. ದೀಪಾವಳಿ ಆದಮೇಲೆ ನನ್ನನ್ನೂ ಹೊಲಕ್ಕೆ ಕರೆದೊಯ್ಯುವುದೆಂದು ಅವ್ವ ಗೊತ್ತುಮಾಡಿದ್ದಳು. ತಂಬಾಕಿನ ಕುಡಿ ಮುರಿಯುವ ಕೆಲಸಕ್ಕೆ ಸಣ್ಣ ಕೈಯಾದರೂ ನಡೆಯುತ್ತದೆ. ಅವಳನ್ನು ತಪ್ಪೆನ್ನಲಾರೆ, ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಆದರೆ ನಮ್ಮ ಕೇರಿಯಲ್ಲಿ ಸಾಲಿ ಬಿಟ್ಟು ಹೊಲಕ್ಕೆ ಹೋದ ಹುಡುಗಿ ತಿರುಗಿ ಸಾಲಿಗೆ ಹೋದದ್ದನ್ನು ನಾನು ಕಂಡಿರಲಿಲ್ಲ. ಒಂದು ಸಂಜೆ ಅವ್ವ ಅಂಗಳದಲ್ಲಿ ನಿಂತು ಮಾತು ತೆಗೆದಳು. "ಇಕೀನೂ ಕರಕೊಂಡು ಬರ್ತೀನ್ರಿ ಕಾಕು, ಅರ್ಧ ಆಳಂತ ಹಿಡೀರಿ."

"ನೋಡೂಣ," ಅಂದರು ಕಾಕು. ಅಂದು, ಪುಸ್ತಕ ತೆರೆದರು.

ಅವರ ಮುಖ ನೋಡಲಾರದೆ ಪುಸ್ತಕವನ್ನೇ ನೋಡುತ್ತ ಕೂತೆ. ಗಡಿಗೆಯ ಚಿತ್ರ ಬಂತು. ಕಾಕು ಬೆಲ್ಲ ಎಂದರು. ನನ್ನ ಕಣ್ಣು ಚಿತ್ರದ ಕೆಳಗಿನ ಅಕ್ಷರಗಳ ಮೇಲಿತ್ತು. ಬಾಯಿಯೊಳಗೇ ಕೂಡಿಸಿಕೊಂಡೆ, ಜೇ... ನು.

"ಕಾಕು, ಇಲ್ಲಿ ಬೆಲ್ಲ ಇಲ್ರಿ. ಜೇನು ಐತಿ. ನೀವು ತಪ್ಪ ಓದಾಕತ್ತೀರಿ."

ಅಂಗಳದಲ್ಲಿದ್ದ ಅವ್ವ ಬೆಚ್ಚಿಬಿದ್ದಳು. "ಏ ಮೂಳಿ! ಬಾಯಿ ಮುಚ್ಚ. ಯಾರಿಗಿ ತಪ್ಪ ಅಂತೀ?"

"ಬೈಬ್ಯಾಡ ಆಕೀಗಿ," ಅಂದರು ಕಾಕು. ಪುಸ್ತಕ ತಮ್ಮ ಕಡೆ ತಿರುಗಿಸಿಕೊಂಡು ಒಂದು ಗಳಿಗೆ ನೋಡಿದರು. "ಖರೇನ ಜೇನು ಅಂತ ಐತಿ. ಜೇನು ತಿಂದ್ರ ಹುಳದ ಜೀವ ಹೋಗತೈತಿ, ನಮ್ಮ ಮನ್ಯಾಗ ಮುಟ್ಟಂಗಿಲ್ಲ. ಕತ್ತಲಾದಮ್ಯಾಗ ಉಣ್ಣಂಗೂ ಇಲ್ಲ. ನನ್ನ ಬಾಯಾಗ ಬರೂದಿಲ್ಲ ಅದು. ನೀ ಓದುವಾಗ ಜೇನು ಅಂತನ ಓದು." ಆಮೇಲೆ ಅವ್ವನ ಕಡೆ ತಿರುಗಿದರು. "ಇಕೀ ನಮ್ಮ ಹೊಲಕ್ಕ ಬರೂದು ಬ್ಯಾಡ."

"ಮತ್ತ ಆಕೀ ಕೂಲಿ...?"

"ಕೂಲೀನೂ ಕೊಡಂಗಿಲ್ಲ, ಕೆಲಸಾನೂ ಕೊಡಂಗಿಲ್ಲ. ಸಾಲಿಗಿ ಕಳಸ."

ಅವ್ವ ದಾರಿಯುದ್ದಕ್ಕೂ ಬೈದಳು. ಮರುದಿನ ಬೆಳಿಗ್ಗೆ ತಲೆ ಬಾಚಿ ಸಾಲಿಗೆ ಕಳಿಸಿದವಳೂ ಅವಳೇ.

ಇದನ್ನು ಹೇಳಿದರೆ ಕೆಲವರು, ದೊಡ್ಡ ಮನೆಯವರು ನಿನ್ನನ್ನು ಓದಿಸಿದರು ಎನ್ನುತ್ತಾರೆ. ಅದು ಸುಳ್ಳು. ಓದಿಸಿದ್ದು ನನ್ನ ಅವ್ವನ ನಡು. ಚಿಕ್ಕೋಡಿಯ ಕಾಲೇಜಿಗೆ ತುಂಬಿದ ಬಸ್ಸಿನಲ್ಲಿ ನಿಂತು ಹೋಗಿಬಂದದ್ದು ನನ್ನ ಕಾಲು. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲನೆಯವಳು ನಾನು, ಅದನ್ನು ಹೇಳಲು ನನಗೆ ಸಂಕೋಚವಿಲ್ಲ. ಆದರೆ ಒಂದು ಬಾಗಿಲು ನನ್ನ ಪಾಲಿಗೆ ಮುಚ್ಚಬೇಕಿತ್ತು, ಹೊಲದ ಬಾಗಿಲು. ಅದನ್ನು ಮುಚ್ಚಿದವರು ಕಾಕು. ಅದೂ ನಿಜವೇ.

ನನಗೆ ನೌಕರಿ ಸಿಕ್ಕು ಚಿಕ್ಕೋಡಿಗೆ ಬಂದಮೇಲೆ ಊರಿಗೆ ಹೋಗುವುದು ಕಡಿಮೆಯಾಯಿತು. ಒಂದು ದಿನ ಅವರ ಸೊಸೆಯ ಫೋನು ಬಂತು. "ಅತ್ತಿಯಾರು ಸಲ್ಲೇಖನ ಹಿಡದಾರ. ಅನ್ನ ಬಿಟ್ಟಾರ, ಈಗ ಬರೇ ನೀರು. ನಿನ್ನ ಕೇಳಾಕತ್ತಾರ, ಬಾ."

ಮಧ್ಯಾಹ್ನ ಹೋದೆ. ಓಣಿಯಲ್ಲಿ ಮಗ್ಗಗಳು ಖಡಖಡ ಹೊಡೆಯುತ್ತಿದ್ದವು. ಹಳೆಯ ರೂಢಿ, ಕಾಲು ಕಟ್ಟೆಯ ಮೇಲೇ ನಿಂತವು. ಒಳಗಿನಿಂದ ಸಣ್ಣ ದನಿ ಬಂತು. "ಯಾಕ ಅಲ್ಲೇ ನಿಂತೀ? ಒಳಗ ಬಾ."

ದಾಟಿದೆ. ಬಾಗಿಲಿನಿಂದ ಅವರ ಚಾಪೆಯವರೆಗೆ ನಾಲ್ಕೇ ಹೆಜ್ಜೆ. ಅಷ್ಟಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ಮನಸ್ಸು ಕಹಿಯಾಯಿತು... ಅವರು ಎಷ್ಟು ಸಣ್ಣಗಾಗಿದ್ದರೆಂದರೆ ಆ ಕಹಿಯನ್ನು ಬಹಳ ಹೊತ್ತು ಹಿಡಿದುಕೊಳ್ಳಲು ಆಗಲಿಲ್ಲ.

ಪುಸ್ತಕ ತಲೆದಿಂಬಿನ ಹತ್ತಿರವೇ ಇತ್ತು. "ಓದು," ಅಂದರು. ಓದಿದೆ. ಮೊಲ ಬಂತು, ಅಳಿಲು ಬಂತು. ಗಡಿಗೆಯ ಪುಟ ಬಂದಾಗ ನನ್ನ ನಾಲಿಗೆ ತಡೆಯಿತು. ಅನ್ನ ಬಿಟ್ಟು ಕೂತ ಜೀವದ ಮುಂದೆ ಆ ಮಾತು ಬೇಡವೆನ್ನಿಸಿ, "ಗಡಿಗೆ ತುಂಬ ಬೆಲ್ಲ ತಂದಳು," ಎಂದೆ.

ಕಣ್ಣು ಮುಚ್ಚಿಕೊಂಡೇ ಹೇಳಿದರು. "ತಪ್ಪ ಓದಾಕತ್ತೀ."

ನಾನು ಮತ್ತೆ ಪುಟದ ಕಡೆ ನೋಡಿದೆ.

"ಬರದದ್ದು ಓದು. ಬರದದ್ದು ಓದಾಕ ಅಲ್ಲೇನ ನೀ ಸಾಲಿ ಕಲತದ್ದು?"

"ಜೇನು," ಎಂದೆ. "ಗಡಿಗೆ ತುಂಬ ಜೇನು."

"ಹಾಂ... ಮತ್ತ ಅದು ಸೂರ್ಯ ಅಲ್ಲ, ಗೊತ್ತೈತಿಲ್ಲೋ?"

"ಜೇನು ಅಂತ ಓದಿದ ದಿನದಿಂದನ ಗೊತ್ತೈತ್ರಿ ಕಾಕು."

ತುಟಿ ಸ್ವಲ್ಪ ಅರಳಿತು. ಅಷ್ಟೇ. ಪುಸ್ತಕವನ್ನು ಅಲ್ಲೇ ಇಟ್ಟು ಬಂದೆ. ಮುಂದಿನ ವಾರದಲ್ಲೇ ಹೋಗಿಬಿಟ್ಟರು. ಆ ಪುಸ್ತಕ ಏನಾಯಿತೋ... ಕೇಳಬೇಕೆಂದುಕೊಂಡೆ, ಕೇಳಲಿಲ್ಲ.

ಮಗಳು ಚಮಚ ಕಸಿದುಕೊಂಡಾಗ ಎಚ್ಚರವಾಯಿತು. ಕಿಟಕಿಯ ಹೊರಗೆ ಬಿಸಿಲು ಕೆಂಪಗಾಗಿ ಇಳಿಯುತ್ತಿತ್ತು. ಜೇನು ಅವಳ ಗದ್ದದ ಮೇಲೂ ಸುರಿದಿತ್ತು.

"ಜಲ್ದಿ ನೆಕ್ಕ," ಎಂದೆ. "ಹೊತ್ತು ಮುಳುಗೂದ್ರಾಗ ಮುಗಸ."

ನಮ್ಮ ಮನೆಯಲ್ಲಿ ಅಂಥ ನೇಮವಿಲ್ಲ. ಮಗಳು ಗದ್ದ ಒರೆಸಿಕೊಂಡು ಬೆರಳು ನೆಕ್ಕಿದಳು.