ಊರು ಕೂಗದ ಕಂಡಕ್ಟರು

ಮಳವಳ್ಳಿಯಲ್ಲಿ ಪ್ರೈವೇಟ್ ಬಸ್ಸು ಹತ್ತಿ, ಕಿರುಗಾವಲು ಬಂದಾಗ ಹೇಳಪ್ಪಾ ಎಂದು ಕಂಡಕ್ಟರಿಗೆ ತಿಳಿಸಿ ಕೂತಿದ್ದೆ. ಅವನು ಬಾಯೇ ಬಿಡಲಿಲ್ಲ, ಊರು ದಾಟಿಹೋಯಿತು.

"ಯಾಕ್ರೀ ಕೂಗಲಿಲ್ಲ?" ಎಂದು ರೇಗಿದೆ.

"ಟಿಕೆಟ್ ಕೊಡೋದಷ್ಟೇ ನನ್ ಕೆಲ್ಸ ಸಾ."

ಮೊದಲೆಲ್ಲ ಪ್ರತಿ ಊರನ್ನೂ ಕೂಗುತ್ತಿದ್ದನಂತೆ. ಒಮ್ಮೆ ನಡೆಯಲಾಗದ ಅಜ್ಜಿಯೊಬ್ಬಳನ್ನು ಅವಳ ಮನೆ ಮುಂದೆಯೇ ಇಳಿಸಿದ್ದಕ್ಕೆ, ಬಸ್ಸಿನ ಓನರು ಸ್ಟ್ಯಾಂಡಿನಲ್ಲಿ ಎಲ್ಲರೆದುರು, "ಟಿಕೆಟ್ ಕೊಡೋದಷ್ಟೇ ನಿನ್ ಕೆಲ್ಸ ಕಣ್ಲಾ" ಎಂದು ಉಗಿದನಂತೆ.

"ಅಷ್ಟು ಬೇಜಾರಾಗಿದ್ದರೆ ಕೆಲಸ ಬಿಟ್ಟುಬಿಡೋದಪ್ಪ," ಅಂದೆ.

"ಅವತ್ತೇ ಬುಟ್ಟೆ ಸಾ. ಓನರ್ಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೆ."

ನನ್ನ ಸಿಟ್ಟು ಅಲ್ಲೇ ಸತ್ತುಹೋಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು, "ಬರ್ತೀನಪ್ಪಾ" ಅಂದೆ. ಅವನು ನನ್ನ ಕಡೆ ನೋಡದೆ ವಿಸಿಲ್ ಊದಿದ. ವಿಸಿಲ್ಲು ಡ್ಯೂಟಿಯ ಲೆಕ್ಕಕ್ಕೆ ಸೇರಿದ್ದು, 'ಹೋಗ್ಬನ್ನಿ' ಅನ್ನೋದು ಸೇರಿದ್ದಲ್ಲ.