ಶೈಲಶ್ರೀಯ ಕೈ, ಸಿದ್ದಾರೂಢನ ಹೆಬ್ಬೆರಳು

ಪುಣೆಯ ಬಿಬವೇವಾಡಿಯ ಕನ್ನಡದವರ ಮನೆಗಳಲ್ಲಿ ಮದುವೆ ಗೊತ್ತಾದರೆ ವಿಡಿಯೋಕ್ಕೆ ಕರೆಯುತ್ತಿದ್ದದ್ದು ಸಿದ್ದಾರೂಢನನ್ನೇ. ವಿಜಯಪುರದ ಕಡೆಯಿಂದ ಹರೆಯದಲ್ಲೇ ಪುಣೆಗೆ ಬಂದು ಹೆಗಲಿಗೆ ಕ್ಯಾಮೆರಾ ಏರಿಸಿದವನು, ಆಮೇಲೆ ಅದನ್ನು ಇಳಿಸಿದ್ದೇ ಕಡಿಮೆ. ಹೋದ ವರ್ಷ ಪಾರ್ಶ್ವವಾಯು ಹೊಡೆದು ಬಲಗೈ ಸೋತಾಗ ಕಸುಬು ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಅವನೂ ಅಂದುಕೊಂಡ. ಹೆಂಡತಿ ಶೈಲಶ್ರೀ ಮಾತ್ರ ಒಪ್ಪಲಿಲ್ಲ.

"ಹೊರೋದು ನಾ ಹೊರ್ತೀನ್ರಿ. ತಿರುಗಸೋದು ನೀವು ತಿರುಗಸ್ರಿ," ಅಂದಳು.

ಹೊರುವುದು ಅಂದರೆ ಗಿಂಬಲ್. ಹಿಡಿದವರ ಕೈ ಅಲುಗಿದರೂ ಕ್ಯಾಮೆರಾ ಅಲುಗದಂತೆ ನೋಡಿಕೊಳ್ಳುವ ಮೋಟಾರಿನ ಹಿಡಿಕೆ ಅದು. ಶೈಲಶ್ರೀ ಅದನ್ನು ಹಿಡಿದು ಜನರ ನಡುವೆ ನಡೆಯುವಳು. ಸಿದ್ದಾರೂಢ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಎಡಗೈಯಲ್ಲಿ ರಿಮೋಟು ಹಿಡಿದು, ಅದರ ಗುಂಡಿಯನ್ನು ಬಲಗೈ ಹೆಬ್ಬೆರಳಿನಿಂದ ಒತ್ತಿ ಕ್ಯಾಮೆರಾ ತಿರುಗಿಸುವನು. ತಿಂಗಳುಗಟ್ಟಲೆ ಚಪಾತಿ ಹಿಟ್ಟು ಹಿಚುಕಿ ಹಿಚುಕಿ ಜೀವ ಬರಿಸಿಕೊಂಡ ಬೆರಳು ಅದು. ಸಣ್ಣಪುಟ್ಟ ನಾಮಕರಣ, ಸೀಮಂತ ಹೀಗೇ ನಡೆದವು.

ಆಮೇಲೆ ದೊಡ್ಡದೊಂದು ಕೆಲಸ ಬಂತು. ಯೆರವಡಾದಲ್ಲಿದ್ದ ಮೈಸೂರು ಕಡೆಯ ಮಹದೇವಪ್ಪನವರ ಮಗಳು ಸಿಂಧೂರಳ ಮದುವೆ. ಗದ್ದಲದಲ್ಲಿ ಹೆಂಡತಿ ಕಣ್ಣಿಗೆ ಬೀಳಲಿಕ್ಕಿಲ್ಲ ಅಂತ ಸಿದ್ದಾರೂಢ ಒಂದು ಹೊಸ ಡಬ್ಬಿ ಬಾಡಿಗೆಗೆ ತಂದ. ಕ್ಯಾಮೆರಾ ಕಂಡದ್ದನ್ನು ತಂತಿಯಿಲ್ಲದೆ ಅವನ ಮುಂದಿನ ಪುಟ್ಟ ಪರದೆಗೆ ಕಳಿಸುವ ಡಬ್ಬಿ. ಗಿಂಬಲ್ಲಿನ ಹಿಡಿಕೆಯ ಮೇಲೆ ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್ ಇತ್ತು, ಅದರ ಪಕ್ಕದಲ್ಲೇ ಜಾಗ ಕಂಡು ಅಂಟಿಸಿದ.

ಅರಿಷಿಣದ ದಿನ ಯೆರವಡಾದ ಮನೆಯ ಮಾಳಿಗೆಯ ಮೇಲೆ ಕ್ಯಾಮೆರಾ ಮಾತು ಕೇಳಲಿಲ್ಲ. ಒತ್ತಿದರೆ ತಡವಾಗಿ ತಿರುಗಿತು, ಒಮ್ಮೊಮ್ಮೆ ತಿರುಗಲೇ ಇಲ್ಲ. ಸಿದ್ದಾರೂಢ ಒತ್ತಿದ್ದನ್ನೇ ಮತ್ತೆ ಮತ್ತೆ ಒತ್ತಿದ.

"ಏನ್ ಸಿದ್ದಾರೂಢ ಅವ್ರೇ, ಎಲ್ಲಾ ಚೆನ್ನಾಗ್ ಬರ್ತಿದೆಯಾ?" ಅಂತ ಮಹದೇವಪ್ಪ ಕೇಳಿದರು.

"ಹೌದ್ರಿ, ಭಾಳ ಚಂದ ಬರ್ಲಿಕತ್ತದ," ಅಂದ, ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು.

ಮನೆಗೆ ಬಂದು ಕ್ಯಾಮೆರಾ ಮೇಜಿನ ಮೇಲಿಟ್ಟು ಎದುರಿಗೇ ಕೂತು ನೋಡಿದ. ಎಲ್ಲ ಸರಿ. ಒತ್ತಿದ ಕಡೆ ಒತ್ತಿದಷ್ಟೇ ತಿರುಗಿತು. ಅದರಿಂದ ಅವನಿಗೆ ಇನ್ನೂ ಹೆದರಿಕೆಯಾಯಿತು. ಯಂತ್ರ ಸರಿ ಇದೆ ಅಂದರೆ ಕೆಟ್ಟದ್ದು ತನ್ನ ಕೈಯೇ. ಮಂದಿಯ ಮುಂದೆ ಕೂತಾಗ ನರ ಮತ್ತೆ ಹಿಡಿಯುತ್ತಿದೆ.

ಮದುವೆ ಪುಣೆಯ ಹೊರಗಿನ ಸಾಸವಡದ ಒಂದು ಮಂಗಲ ಕಾರ್ಯಾಲಯದಲ್ಲಿ. ಬೀಗರು ಬರುವ ಮೊದಲೇ ಗಂಡಹೆಂಡತಿ ಹೋಗಿ ಪರೀಕ್ಷೆ ಮಾಡಿದರು. ಶೈಲಶ್ರೀ ವೇದಿಕೆ ಹತ್ತಿದಳು, ಇವನು ಬಾಗಿಲ ಬಳಿ ಕೂತು ಒತ್ತಿದ. ಕ್ಯಾಮೆರಾ ಗೋಡೆ ನೋಡುತ್ತ ನಿಂತೇಬಿಟ್ಟಿತು. ಸಿದ್ದಾರೂಢ ರಿಮೋಟನ್ನು ತೊಡೆಯ ಮೇಲಿಟ್ಟ.

"ಶೈಲಾ, ಇಲ್ಲಿ ಬಾ. ಬ್ಯಾರೆ ಯಾರನ್ನರೆ ಕರಸೂಣು. ನನ್ನ ಹೆಬ್ಬೆಟ್ಟು ಮತ್ತ ಸತ್ತದ."

ಶೈಲಶ್ರೀ ಗಿಂಬಲ್ಲನ್ನು ವೇದಿಕೆಯ ಮೇಲೆ ಸ್ಟ್ಯಾಂಡಿಗೆ ಸಿಗಿಸಿ ಕೆಳಗೆ ಬಂದಳು. ಅವನ ತೊಡೆಯ ಮೇಲಿದ್ದ ರಿಮೋಟು ಎತ್ತಿಕೊಂಡು ತಾನೇ ಒತ್ತಿದಳು. ಎರಡೂ ಹೆಬ್ಬೆರಳು ಸೇರಿಸಿ ಒತ್ತಿದಳು. ಕ್ಯಾಮೆರಾ ಮಿಸುಕಲಿಲ್ಲ.

"ನೋಡ್ರಿ," ಅಂದಳು, "ನನಗೂ ಲಕ್ವಾ ಹೊಡದಿರಬೇಕು ಹಂಗಾರ!"

ಸಿದ್ದಾರೂಢ ಅವಳ ಮುಖ ನೋಡಿದ, ಕ್ಯಾಮೆರಾ ನೋಡಿದ. "ಇನ್ನೊಮ್ಮೆ ಒತ್ತು," ಅಂದ. ಒತ್ತಿದಳು. ಇಲ್ಲ. ಅವನಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಕೆಟ್ಟು ನಿಂತ ಯಂತ್ರದ ಮುಂದೆ ಅವನು ಇಷ್ಟು ಖುಷಿಪಟ್ಟದ್ದು ಹಿಂದೆಂದೂ ಇಲ್ಲ.

ಆಮೇಲೆ ಹಳೆಯ ಕಸುಬುದಾರ ಎದ್ದು ನಿಂತ. ರಿಮೋಟಿನ ಬ್ಯಾಟರಿ ಬದಲಿಸಿದ, ಏನೂ ಆಗಲಿಲ್ಲ. ಇಬ್ಬರ ಮೊಬೈಲೂ ಬಂದ್ ಮಾಡಿದ, ಆಗಲೂ ಇಲ್ಲ. ಮನೆಯಲ್ಲಿ ನಡೆದದ್ದು ಇಲ್ಲಿ ಯಾಕೆ ನಡೆಯವಲ್ಲದು ಅಂತ ಯೋಚಿಸುತ್ತ ನಿಂತವನಿಗೆ ಥಟ್ಟನೆ ಹೊಳೆಯಿತು. ಮನೆಯಲ್ಲಿ ಕ್ಯಾಮೆರಾ ಎದುರಿಗೇ ಇತ್ತು. ಪರದೆ ಬೇಕಿರಲಿಲ್ಲ, ಡಬ್ಬಿ ಚಾಲೂ ಮಾಡಿರಲೇ ಇಲ್ಲ!

"ಆ ಬಾಡಿಗಿ ಡಬ್ಬಿ ಬಂದ್ ಮಾಡು ಶೈಲಾ."

ಅವಳು ವೇದಿಕೆ ಹತ್ತಿ ಡಬ್ಬಿ ಆರಿಸಿದಳು. ಅವನು ಬಾಗಿಲಿಂದ ಒತ್ತಿದ. ಕ್ಯಾಮೆರಾ ಸರಕ್ಕನೆ ತಿರುಗಿ ಶೈಲಶ್ರೀಯ ಮುಖ ನೋಡಿತು.

"ಬಂತ್ರೀ!" ಅಂತ ಅವಳು ಕೂಗಿದ್ದಕ್ಕೆ ಹೂವಿನ ಹಾರ ಕಟ್ಟುತ್ತಿದ್ದವರೆಲ್ಲ ತಿರುಗಿ ನೋಡಿದರು.

ಡಬ್ಬಿಯ ಸಿಗ್ನಲ್ಲೂ ರಿಮೋಟಿನದೂ ಗಾಳಿಯಲ್ಲಿ ಒಂದೇ ದಾರಿ ಹಿಡಿದಿದ್ದವು. ಪಕ್ಕದಲ್ಲೇ ಡಬ್ಬಿಯ ಅಬ್ಬರ, ರಿಸೀವರಿಗೆ ದೂರದ ರಿಮೋಟಿನ ಮಾತು ಕೇಳೀತಾದರೂ ಹೇಗೆ? ಸಿದ್ದಾರೂಢ ಡಬ್ಬಿಯನ್ನು ಕಿತ್ತು ಕ್ಯಾಮೆರಾದ ನೆತ್ತಿಗೆ ಹಾಕಿದ, ಅದರ ಚಾನೆಲ್ ಬದಲಿಸಿದ, ರಿಮೋಟನ್ನು ಹೊಸದಾಗಿ ಜೋಡಿಸಿದ. ಶೈಲಶ್ರೀ ಗಿಂಬಲ್ ಹಿಡಿದು ಕಂಬದ ಮರೆಗೆ ಹೋದಳು, ಬೆನ್ನು ತಿರುಗಿಸಿ ನಿಂತಳು, ಊಟದ ಮನೆಯ ತನಕ ನಡೆದಳು. ಎಲ್ಲಿಯೂ ಕ್ಯಾಮೆರಾ ಒಮ್ಮೆಯೂ ತಪ್ಪಲಿಲ್ಲ.

ಧಾರೆಯ ಹೊತ್ತಿಗೆ ಮಂಟಪ ಕಿಕ್ಕಿರಿದಿತ್ತು. ಪರದೆಯಲ್ಲಿ ಸಿಂಧೂರ ಯಾರನ್ನೋ ಹುಡುಕುವಂತೆ ಕತ್ತೆತ್ತಿದ್ದು ಕಂಡಿತು. ಸಿದ್ದಾರೂಢ ಹೆಬ್ಬೆರಳನ್ನು ಮೆಲ್ಲಗೆ ಎಡಕ್ಕೆ ಒತ್ತಿದ. ಹೆಂಗಸರ ಹಿಂದೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಅವಳ ತಾಯಿ ರುಕ್ಮಿಣಮ್ಮ ಸಿಕ್ಕರು. ಮಗಳ ಕಣ್ಣಿಗೆ ಬಿದ್ದದ್ದೇ ಅವರು ನಕ್ಕರು. ಆ ನಗು ಪೂರ್ತಿ ಮುಗಿಯುವ ತನಕ ಅವನು ಬೆರಳು ಅಲುಗಿಸಲಿಲ್ಲ.

ಊಟಕ್ಕೆ ಇಬ್ಬರೂ ಕಡೆಯ ಪಂಕ್ತಿಯಲ್ಲಿ ಕೂತರು. ಬಡಿಸುವವ ಜಿಲೇಬಿಯ ಪರಾತ ಹಿಡಿದು ಬಂದು, "ಕಾಕಾ, ಅಜೂನ್ ವಾಢೂ ಕಾ?" ಅಂತ, ಇನ್ನೂ ಬಡಿಸಲೇ ಎಂದು ಮರಾಠಿಯಲ್ಲಿ ಕೇಳಿದ.

"ವಾಢ, ವಾಢ," ಅಂದ ಸಿದ್ದಾರೂಢ. "ಕಾಕೂಲಾ ಪಣ್ ವಾಢ." ಹೆಂಡತಿಯ ಎಲೆಯನ್ನೂ ತೋರಿಸಿ, ಆಮೇಲೆ ಅವಳ ಕಡೆ ತಿರುಗಿ, "ತಿನ್ನ ನೀ. ಕೈ ಸೋತಿರಬೇಕು," ಅಂದ.

"ಭಾಳ ಸೋತಾವ್ರಿ," ಅಂದಳು ಶೈಲಶ್ರೀ, ಜಿಲೇಬಿ ಮುರಿಯುತ್ತ.